ಮನೆ ನಂಬ್ರ ೩-೧೧೪

ಚೆಕ್ಕುಬಂದಿ ಬರೆಯುವಾಗ ನಾಲ್ಕನೆಯ ಸಾಲಿಗೆ
ನಾನು ತಲೆಯೆತ್ತಿ ನೋಡುವುದೂ ಇಲ್ಲ:
ಮೂಡಕ್ಕೆ ಹೆದ್ದಾರಿ, ತೆಂಕಕ್ಕೆ ಐಸ್ ಪ್ಲಾಂಟು,
ಬಡಗಕ್ಕೆ ತೋಡು, ತೋಡಿಗಂಟಿ ಮೈಯದ್ದಿ ಬ್ಯಾರಿಯ ಮನೆ,
ಪಡುವಕ್ಕೆ ಸಮುದ್ರ.
ಇಪ್ಪತ್ತೆರಡು ವರ್ಷ ಪಡುಬೈಲು ಪಂಚಾಯತಿನ ಬಿಲ್ ಕಲೆಕ್ಟರು,
ಆ ನೆರೆಯವನ ಬಾಗಿಲು ಒಮ್ಮೆಯೂ ತಟ್ಟಿಲ್ಲ.
ತೆರಿಗೆಯಿಲ್ಲ, ಓಟಿಲ್ಲ, ರೇಷನ್ ಕಾರ್ಡಿಲ್ಲ.

ಅಕ್ಟೋಬರದ ಸಾಮಾನ್ಯ ಸಭೆ. ಕೋರಂ ಆಗಿತ್ತು,
ಚಾ, ಗೋಳಿಬಜೆ ಬಂದಿತ್ತು.
ಆಗ ಎರಡನೇ ವಾರ್ಡಿನ ಸುಗಂಧಿ ಮೆಂಡನ್
ಮೀನಿನ ಬುಟ್ಟಿಯನ್ನೇ ಹೊತ್ತು ಒಳಗೆ ಬಂದರು,
ಮೇಜಿನ ಮೇಲೆ ಸುರಿದರು:
"ನಿನ್ನೆ ಕೈರಂಪಣಿಗೆ ಬಿದ್ದದ್ದು. ಬೂತಾಯಿ ಇಷ್ಟೇ ಇಷ್ಟು.
ಉಳಿದದ್ದಕ್ಕೆ ನೀವೇ ರೇಟು ಹೇಳಿ."

ಹಾಲಿನ ತೊಟ್ಟೆ, ಒಂಟಿ ಚಪ್ಪಲಿ,
ಉಬ್ಬಿ ದಿಂಬಿನಷ್ಟಾದ ಮಗುವಿನ ಪ್ಯಾಂಪರ್ಸು,
ರೆಸಾರ್ಟಿನ ಶಾಂಪೂ ಬಾಟ್ಲಿ ಹನ್ನೊಂದು.
ಸಭೆ ಮೂಗು ಮುಚ್ಚಿತು.
ಪಿಡಿಒ ಸಾಹೇಬರು ಮೆಲ್ಲನೆ: "ಸಮುದ್ರ ನಮ್ಮ ವ್ಯಾಪ್ತಿಗೆ ಬರುವುದಿಲ್ಲ.
ಉಬ್ಬರದ ಗೆರೆಯ ಆಚೆ ಬೇರೆ ಇಲಾಖೆ."
"ತೋಡು ಯಾರದ್ದು?" ಕೇಳಿದರು ಸುಗಂಧಿ.
ಯಾರೂ ಗೋಳಿಬಜೆ ಮುಟ್ಟಲಿಲ್ಲ.

ಆ ರಾಶಿಯಲ್ಲಿ ನನಗೆ ಕಂಡದ್ದು ಬೇರೆ.
ಅಂಗೈಯಗಲದ ನೀಲಿ ಫಲಕ, ಮೂಲೆ ಮುರಿದದ್ದು, ಚಿಪ್ಪು ಕಚ್ಚಿಕೊಂಡದ್ದು,
ನಾವೇ ಹೊಡೆದ ಮೊಳೆಯ ತೂತು.
೩-೧೧೪.
ಅಪ್ಪಿಯಕ್ಕನ ಮನೆ.
ಮೂರು ಆಟಿಯ ಹಿಂದೆ ಕಡಲ್ಕೊರೆತಕ್ಕೆ ಹೋದದ್ದು,
ಮೊದಲು ಬಚ್ಚಲು, ಮರುದಿನ ಅಡುಗೆಕೋಣೆ, ಮತ್ತೆ ತೆಂಗು ಎರಡು.
ಡಿಮಾಂಡ್ ರಿಜಿಸ್ಟರಿನಲ್ಲಿ ಕೆಂಪು ಗೀಟು ಎಳೆದವನು ನಾನೇ:
"ಮನೆ ಇಲ್ಲ. ಬಾಕಿ ಮನ್ನಾ."

ಬಿಲ್ ಕಲೆಕ್ಟರು ಸಭೆಯಲ್ಲಿ ಬಾಯಿ ತೆರೆಯಬಾರದು.
ಹೇಳಿಬಿಟ್ಟೆ:
"ನಂಬ್ರ ಉಂಟು, ಒಳಗೆ ವಾಸವೂ ಉಂಟು ಸರ್.
೩-೧೧೪ರಲ್ಲಿ ಈಗ ಇರುವುದು ಸಮುದ್ರ. ಹಾಗಾದರೆ ನಮ್ಮ ವಾರ್ಡೇ.
ಇನ್ನೊಬ್ಬರ ಅಂಗಳಕ್ಕೆ ಕಸ ಬಿಸಾಡಿದರೆ
ದಂಡ ಹಾಕುವವರು ನಾವಲ್ಲವಾ?"

ಅಧ್ಯಕ್ಷರು ನಕ್ಕರು. ನಗು ಅರ್ಧಕ್ಕೆ ನಿಂತಿತು.
ನಡಾವಳಿಯಲ್ಲಿ ಈ ಮಾತು ಇಲ್ಲ. ಅಲ್ಲಿರುವುದು ಇಷ್ಟೇ:
ತೋಡಿನ ಬಾಯಿಗೆ ಕಬ್ಬಿಣದ ಜಾಲರಿ, ರೂ. ಎಂಬತ್ತಾರು ಸಾವಿರದ ನಾನ್ನೂರು;
ರೆಸಾರ್ಟಿನ ಹೊಂಡದ ಪೈಪು ಹದಿನೈದು ದಿನದೊಳಗೆ ತೆಗೆಯತಕ್ಕದ್ದು,
ತಪ್ಪಿದಲ್ಲಿ ಪರವಾನಗಿ ರದ್ದು;
ಕಪ್ಪುಕಲ್ಲು ಸುರಿಯುವ ಬದಲು ದಿಣ್ಣೆಗೆ ಬಂಗಡೆಬಳ್ಳಿ;
ಆಮೆ ಮೊಟ್ಟೆಯಿಡುವ ತಿಂಗಳು ಕಡಲಬದಿಯ ಹತ್ತು ಕಂಬಕ್ಕೆ ದೀಪವಿಲ್ಲ.
ಸರ್ವಾನುಮತ ಅಲ್ಲ. ಐವರ ವಿರುದ್ಧ ಎಂಟು.

ಮೊದಲ ಮಳೆಗೇ ಜಾಲರಿ ಕಟ್ಟಿಕೊಂಡು
ಮೈಯದ್ದಿಯ ಅಂಗಳದಲ್ಲಿ ಮೊಣಕಾಲು ನೀರು.
"ಎಂಥ ಕರ್ಮ ಮಾರಾಯ್ರೆ, ಕಡಲಿಗೆ ಹೋಗಬೇಕಾದ್ದು ನನ್ನ ಮನೆಗೆ!"
"ಮನೆಯಿಂದಲೇ ಹೊರಟದ್ದಲ್ಲವಾ," ಅಂದರು ಸುಗಂಧಿ,
ಸೀರೆ ಎತ್ತಿ ಕಟ್ಟಿ ತೋಡಿಗಿಳಿದರು.
ಬೈಯುತ್ತ ಬೈಯುತ್ತ ಮೈಯದ್ದಿಯೂ ಇಳಿದ.
ಕಸದ ಗಾಡಿಯ ಫೆಲ್ಸಿ ಮೂರು ಟ್ರಿಪ್ಪು ಹೊಡೆದಳು,
ಮೂರಕ್ಕೂ ಡೀಸೆಲ್ ಲೆಕ್ಕ ಬರೆಸಿದಳು.

ಹೆಚ್ಚೇನೂ ಬದಲಾಗಿಲ್ಲ.
ಪೈಪಿಗೆ ಕೋರ್ಟಿನ ತಡೆಯಾಜ್ಞೆ ಬಂತು.
ಬಳ್ಳಿ ಅರ್ಧ ಸತ್ತಿದೆ, ಅರ್ಧ ಹಿಡಿದಿದೆ.
ಫೆಬ್ರವರಿಯಲ್ಲಿ ಆರಿದ ಏಳನೇ ಕಂಬದ ಬುಡದವರೆಗೆ
ಒಂದು ಆಮೆ ಬಂದಿತ್ತಂತೆ. ಆಮೆಯನ್ನು ನಾನು ಕಾಣಲಿಲ್ಲ,
ಜಾಡು ಕಂಡೆ, ಹೊಯ್ಗೆಯಲ್ಲಿ ಟ್ರ್ಯಾಕ್ಟರ್ ಚಕ್ರದ ಹಾಗೆ.

ಫಲಕ ತೊಳೆದು ಗಾಳಿಮರಕ್ಕೆ ಹೊಡೆದಿದ್ದೇನೆ.
ಕೆಂಪು ಗೀಟಿನ ಕೆಳಗೆ ಹೊಸ ನಮೂದು,
ವಾಸವಿರುವವರು: ಸಮುದ್ರ.
ಬಾಕಿಯ ಕಲಮಿನಲ್ಲಿ ಎಷ್ಟು ಬರೆಯಲಿ, ಯಾರ ಹೆಸರಿಗೆ,
ಪೆನ್ನು ಹಿಡಿದು ಕೂತಿದ್ದೆ. ಗುರುವಾರ ಆಡಿಟ್ ಉಂಟು.
ಅಷ್ಟರಲ್ಲಿ ಬಾಡಿಗೆ ಮನೆಯಿಂದ ನಡೆದು ಬಂದರು ಅಪ್ಪಿಯಕ್ಕ.
"ನನ್ನ ನಂಬ್ರ ಸಿಕ್ಕಿತಂತಲ್ಲ," ಅಂದರು,
"ಅವನಿಗೇ ಇರಲಿ.
ಒಳಗೆ ನೀರು ಚೊಕ್ಕ ಉಂಟಾ, ಅದು ಹೇಳಿ."